ಕೆಮ್ಮು ಕೇಳಿಸುವ ರೆಕಾರ್ಡಿಂಗ್ ಕೊಳ್ಳಬೇಕೆ?

ಪ್ರಶ್ನೆ: ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿ. ಊರು ಧಾರವಾಡ, ಮನೆಯಲ್ಲಿ ಹಿಂದೂಸ್ತಾನಿ ಕೇಳುತ್ತಲೇ ಬೆಳೆದವನು ನಾನು. ಮಗಳ ಒತ್ತಾಯಕ್ಕೆ ಮುಂಬಯಿಯ ಎನ್‌ಸಿಪಿಎ ಕಲಾಕೇಂದ್ರಕ್ಕೆ ಹೋಗಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿ ಕೇಳಿದ ಮೇಲೆ ಈ ಸಂಗೀತದ ಹುಚ್ಚು ಹಿಡಿದಿದೆ. ಆಸ್ಟ್ರಿಯಾದ ಸಂಯೋಜಕ ಮಾಲರ್‌ನ ಒಂಬತ್ತನೆಯ ಸಿಂಫನಿಯನ್ನು (ಆರ್ಕೆಸ್ಟ್ರಾಕ್ಕಾಗಿ ಬರೆದ ಹಲವು ಭಾಗಗಳ ದೊಡ್ಡ ಕೃತಿ) ಬ್ರೂನೊ ವಾಲ್ಟರ್ 1938ರಲ್ಲಿ ನಡೆಸಿದ ಲೈವ್ ರೆಕಾರ್ಡಿಂಗ್ ಶ್ರೇಷ್ಠವಾದದ್ದು ಎಂದು ಓದಿ ತಂದು ಕೇಳಿದೆ. ಉದ್ದಕ್ಕೂ ಕೆಮ್ಮು, ಕರಕರ ಸದ್ದು. ಗೆಳೆಯರೊಬ್ಬರು ‘ಸ್ಟುಡಿಯೊದಲ್ಲಿ ಮಾಡಿದ್ದನ್ನೇ ತಗೊಳ್ಳಿ, ಲೈವ್ ಅಂದರೆ ಗಲಾಟೆ’ ಎನ್ನುತ್ತಾರೆ. ಇನ್ನು ಕೆಲವು ಡಿಸ್ಕ್‌ಗಳ ಮೇಲೆ ಲೈವ್ ಎಂದು ಬರೆದಿದ್ದರೂ ಒಂದು ಚಪ್ಪಾಳೆಯೂ ಇರುವುದಿಲ್ಲ. ಅವು ನಿಜವಾಗಿ ಲೈವೇ? ಇತ್ತೀಚಿನ ಸಂಯೋಜಕರ ಕೃತಿಗಳು ಹೆಚ್ಚಾಗಿ ಲೈವ್ ಆಗಿಯೇ ಸಿಗುವುದೇಕೆ? ನಾನು ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮನ್ನು ಕಾಡಿದ ಕೆಮ್ಮಿನಿಂದಲೇ ಶುರು ಮಾಡೋಣ. ಆ ಕೆಮ್ಮಿಗೆ ಒಂದು ತಾರೀಖು ಇದೆ. 1938ರ ಜನವರಿ 16, ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣ. ವೇದಿಕೆಯ ಮೇಲೆ ವಿಯೆನ್ನಾ ಫಿಲ್‌ಹಾರ್ಮೋನಿಕ್. ಮುಂದೆ ನಿಂತು ಕೈಸನ್ನೆಯಿಂದ ನಡೆಸಿದ ಕಂಡಕ್ಟರ್ ಬ್ರೂನೊ ವಾಲ್ಟರ್. ಮಾಲರ್ ತೀರಿಕೊಂಡ ಮರುವರ್ಷ, 1912ರಲ್ಲಿ, ಇದೇ ಸಿಂಫನಿಯನ್ನು ಇದೇ ಊರಿನಲ್ಲಿ ಮೊದಲ ಸಲ ನುಡಿಸಿದವರೂ ಅವರೇ. ಮೊದಲ ಪಿಟೀಲಿನ ಕುರ್ಚಿಯಲ್ಲಿ ಆರ್ನಾಲ್ಡ್ ರೋಸೆ, ಮಾಲರ್‌ನ ತಂಗಿಯ ಗಂಡ. ಇದಾದ ಎಂಟು ವಾರಗಳಿಗೆ, ಮಾರ್ಚ್ 12ಕ್ಕೆ, ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಕ್ಕೆ ನುಗ್ಗಿತು. ಯುದ್ಧ ಮುಗಿಯುವ ತನಕ ವಾಲ್ಟರ್ ಆ ಊರಿಗೆ ಹಿಂದಿರುಗುವಂತಿರಲಿಲ್ಲ. ಅಷ್ಟು ವರ್ಷ ಆ ಆರ್ಕೆಸ್ಟ್ರಾವನ್ನು ಮುನ್ನಡೆಸಿದ ರೋಸೆ ಇಳಿವಯಸ್ಸಿನಲ್ಲಿ ಲಂಡನ್ನಿಗೆ ಓಡಬೇಕಾಯಿತು. ಆ ಸಂಜೆ ಸಭೆಯಲ್ಲಿ ಕೂತು ಕೆಮ್ಮಿದವರಲ್ಲಿ ಎಷ್ಟು ಜನರಿಗೆ ಮುಂದಿನ ಚಳಿಗಾಲದಲ್ಲಿ ಅದೇ ಕುರ್ಚಿಯಲ್ಲಿ ಕೂರಲು ಸಿಕ್ಕಿತೋ! ನಾನಂತೂ ಆ ಕೆಮ್ಮನ್ನು ಅಳಿಸಿದ ಪ್ರತಿಯನ್ನು ಕೇಳಲಾರೆ.

ಹಾಗೆಂದು ಚರಿತ್ರೆಯ ಕನಿಕರಕ್ಕೆ ಅದನ್ನು ಕೇಳಿ ಎನ್ನುವುದಿಲ್ಲ. ಸಂಗೀತದ ಕಾರಣಕ್ಕೇ ಕೇಳಬೇಕು. ಆಗ ಮೇಣದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು. ಸ್ಟುಡಿಯೊದಲ್ಲಾದರೆ ಆರ್ಕೆಸ್ಟ್ರಾ ಅಷ್ಟು ನುಡಿಸಿ ನಿಲ್ಲುತ್ತಿತ್ತು. ತಟ್ಟೆ ಬದಲಾಯಿಸಿ ಮತ್ತೆ ಮುಂದುವರಿಸುವುದು. ಕಛೇರಿಯಲ್ಲಿ ಹಾಗೆ ನಿಲ್ಲಿಸಲು ಬರುತ್ತದೆಯೇ? ಎರಡು ಯಂತ್ರ ಇಟ್ಟುಕೊಂಡು ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಓಡಿಸಬೇಕು. ಹೀಗೆ ಇಪ್ಪತ್ತು ಮಗ್ಗುಲುಗಳಲ್ಲಿ ಒಂದು ಸಿಂಫನಿ ಇಡಿಯಾಗಿ ಉಳಿಯಿತು. ಇದನ್ನು ಮಾಡಿಸಿದವರು ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡರಲ್ಲ, ಅವರೇ. ನಮ್ಮವರಿಗೆ ಮೂರು ನಿಮಿಷದಲ್ಲಿ ರಾಗ ಮುಗಿಸುವುದನ್ನು ಕಲಿಸಿದ ಮನುಷ್ಯ ವಿಯೆನ್ನಾದಲ್ಲಿ ಎಪ್ಪತ್ತು ನಿಮಿಷ ಯಾರನ್ನೂ ತಡೆಯದೆ ಕಾದು ಕೂತ.

ನೀವು ಧಾರವಾಡದವರು, ಆದ್ದರಿಂದ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮನ್ಸೂರರ ಹಳೆಯ ತಟ್ಟೆಗಳು ಎಷ್ಟು ಚೊಕ್ಕ! ಆದರೂ ಅವರ ಬೈಠಕ್ ಕೇಳಿದವರು ತಟ್ಟೆಯ ಮನ್ಸೂರರಿಗೂ ಬೈಠಕ್‌ನ ಮನ್ಸೂರರಿಗೂ ಅಂತರ ಇದೆ ಎಂದೇ ಹೇಳುತ್ತಾರೆ. ಹಿಂದೂಸ್ತಾನಿಯಲ್ಲಿ ಇದು ನಮಗೆ ತಾನಾಗಿಯೇ ಗೊತ್ತು. ಸಿಂಫನಿ ವಿಷಯಕ್ಕೆ ಬಂದಾಗ ಮಾತ್ರ ‘ಎಲ್ಲವೂ ಕಾಗದದ ಮೇಲೆ ಬರೆದಿದೆಯಲ್ಲ, ಎಲ್ಲಿ ನುಡಿಸಿದರೂ ಅದೇ ಸ್ವರ, ಹಾಗಿದ್ದ ಮೇಲೆ ಚೊಕ್ಕವಾಗಿರುವುದನ್ನೇ ತಗೊಳ್ಳೋಣ’ ಅನ್ನಿಸುತ್ತದೆ. ನಿಮ್ಮ ಗೆಳೆಯರ ಮಾತಿನ ಹಿಂದೆ ಇರುವುದೂ ಇದೇ. ಬರೆದಿರುವುದು ಸ್ವರ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಭಾರ, ಮೊದಲ ಪುಟದಲ್ಲಿ ಕೊಟ್ಟ ಮಾತನ್ನು ಐವತ್ತು ನಿಮಿಷ ಬಿಟ್ಟು ನಡೆಸಿಕೊಡುವ ನೆನಪು, ಇವು ಕಾಗದದಲ್ಲಿಲ್ಲ. ತೊಂಬತ್ತು ಜನ ಒಟ್ಟಿಗೆ ಆ ನೆನಪನ್ನು ಹೊತ್ತು ಸಾಗಬೇಕು. ಲೈವ್ ರೆಕಾರ್ಡಿಂಗಿನಲ್ಲಿ ನಾನು ಹುಡುಕುವುದು ಇದೊಂದನ್ನೇ. ಕೆಮ್ಮು ಎಷ್ಟಿದೆ ಎನ್ನುವುದು ನನಗೆ ಆಮೇಲಿನ ಲೆಕ್ಕ.

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಅದೃಷ್ಟವಶಾತ್ ಇದೇ ಒಂಬತ್ತನೆಯ ಸಿಂಫನಿಯನ್ನು ಬರ್ಲಿನ್ ಫಿಲ್‌ಹಾರ್ಮೋನಿಕ್ ಮೂರು ವರ್ಷದ ಅವಧಿಯಲ್ಲಿ ಮೂರು ರೀತಿಯಲ್ಲಿ ಬಿಟ್ಟುಹೋಗಿದೆ. 1979ರ ಅಕ್ಟೋಬರಿನಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಬಂದು ನಡೆಸಿದ ಕಛೇರಿ ಮೊದಲನೆಯದು. ಅವರು ಜೀವಮಾನದಲ್ಲಿ ಆ ಆರ್ಕೆಸ್ಟ್ರಾವನ್ನು ನಡೆಸಿದ್ದು ಆಗ ಮಾತ್ರ. ಆ ರೆಕಾರ್ಡಿಂಗಿನ ಕೊನೆಯ ಭಾಗದಲ್ಲಿ, ಇಡೀ ಸಿಂಫನಿಯ ಶಿಖರ ಎನ್ನಬಹುದಾದ ಜಾಗದಲ್ಲಿ, ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯಗಳು ಬರಲೇ ಇಲ್ಲ. ಕಟ್ಟಡದ ತೊಲೆಯೇ ಇಲ್ಲದ ಹಾಗೆ ಅಲ್ಲೊಂದು ಖಾಲಿ ಜಾಗ. ಆದರೂ ಕಂಪನಿ ಅದನ್ನು 1992ರಲ್ಲಿ ಹೊರತಂದಿತು. ಜನ ಇಂದಿಗೂ ಕೇಳುತ್ತಾರೆ, ನಾನೂ ಕೇಳುತ್ತೇನೆ. ತಂತಿವಾದ್ಯದವರು ಆ ಕ್ಷಣ ತಮ್ಮ ಪಾಲಿನದ್ದನ್ನು ಮೀರಿ ಒತ್ತಿ ಹಿಡಿದಂತೆ ನನ್ನ ಕಿವಿಗೆ ಕೇಳಿಸುತ್ತದೆ.

ಎರಡನೆಯದು ಹರ್ಬರ್ಟ್ ಫಾನ್ ಕಾರಾಯನ್ ಅದರ ಮರು ತಿಂಗಳೇ ಶುರುಮಾಡಿ 1980ರಲ್ಲಿ ಮುಗಿಸಿದ ಸ್ಟುಡಿಯೊ ಮುದ್ರಣ. ಎಲ್ಲ ವಾದ್ಯಗಳೂ ಅವುಗಳ ಜಾಗದಲ್ಲಿ ಇವೆ. ರೇಷ್ಮೆಯಂಥ ನಾದ. ರೆಕಾರ್ಡಿಂಗ್ ತಂತ್ರವನ್ನು ಕಾರಾಯನ್‌ರಷ್ಟು ನಂಬಿದ ಕಂಡಕ್ಟರ್ ಇನ್ನೊಬ್ಬರಿಲ್ಲ. ಅಂಥವರು ಎರಡೇ ವರ್ಷಕ್ಕೆ, 1982ರ ಸೆಪ್ಟೆಂಬರಿನಲ್ಲಿ, ಅದೇ ಸಿಂಫನಿಯನ್ನು ಅದೇ ಆರ್ಕೆಸ್ಟ್ರಾದ ಜೊತೆ ಸಭಿಕರ ಎದುರು ನುಡಿಸಿ ಮತ್ತೆ ಮುದ್ರಿಸಿದರು. ಅದು ಮೂರನೆಯದು. ಮೊದಲ ಭಾಗದ ನಡುವೆ ಎಲ್ಲವೂ ಕುಸಿದುಬಿದ್ದು, ಮತ್ತೆ ಹಾರ್ಪ್‌ನ ಕೆಲವೇ ಸ್ವರದಿಂದ ಎದ್ದು ನಿಲ್ಲುವ ಜಾಗವನ್ನು ಎರಡರಲ್ಲೂ ಹಾಕಿ ನೋಡಿ. ಸ್ಟುಡಿಯೊದಲ್ಲಿ ಆ ಕುಸಿತ ಸುಂದರವಾಗಿದೆ. ಕಛೇರಿಯಲ್ಲಿ ಭಯವಾಗುತ್ತದೆ. ನಿಮ್ಮ ಮೊದಲ ಖರೀದಿ ಈ 1982ರದ್ದೇ ಆಗಲಿ ಎಂಬುದು ನನ್ನ ಸಲಹೆ. ವಾಲ್ಟರ್‌ರದ್ದನ್ನು ಎಸೆಯಬೇಡಿ, ಆರು ತಿಂಗಳು ಬಿಟ್ಟು ಮತ್ತೆ ಹಾಕಿ.

ಈಗ ಚಪ್ಪಾಳೆ ಇಲ್ಲದ ಲೈವ್ ವಿಷಯ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇವತ್ತು ಲೈವ್ ಎಂದು ಬರುವ ಬಹುಪಾಲು ಡಿಸ್ಕ್‌ಗಳು ಒಂದೇ ಸಂಜೆಯವಲ್ಲ. ದೊಡ್ಡ ಆರ್ಕೆಸ್ಟ್ರಾಗಳು ಒಂದು ಕಾರ್ಯಕ್ರಮವನ್ನು ಎರಡು ಮೂರು ಸಂಜೆ ನುಡಿಸುತ್ತವೆ. ಅಷ್ಟನ್ನೂ ಮುದ್ರಿಸಿ, ಒಂದನ್ನು ಮೈಯಾಗಿ ಇಟ್ಟುಕೊಂಡು, ತಪ್ಪು ಬಿದ್ದಲ್ಲಿ ಇನ್ನೊಂದರಿಂದ ತೇಪೆ ಹಾಕುತ್ತಾರೆ. ಸಾಲದಿದ್ದರೆ ಸಭಿಕರು ಎದ್ದು ಹೋದ ಮೇಲೆ ಅರ್ಧ ಮುಕ್ಕಾಲು ಗಂಟೆ ಅಷ್ಟಷ್ಟನ್ನೇ ಮತ್ತೆ ನುಡಿಸುವುದೂ ಇದೆ. ಕಛೇರಿಗಳನ್ನು ಮುದ್ರಿಸುವ ನಮ್ಮ ಕಸುಬಿನಲ್ಲಿ ಅದಕ್ಕೆ ಪ್ಯಾಚ್ ಎನ್ನುತ್ತೇವೆ. ಇದರಲ್ಲಿ ಮೋಸ ಏನೂ ಇಲ್ಲ. ನೂರು ಜನರ ಆರ್ಕೆಸ್ಟ್ರಾವನ್ನು ಬೇರೆಯಾಗಿ ಸ್ಟುಡಿಯೊಗೆ ಕರೆಸುವ ಖರ್ಚನ್ನು ಇವತ್ತು ಹೊರುವವರು ಕಡಿಮೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ತನ್ನದೇ ರೆಕಾರ್ಡ್ ಲೇಬಲ್ ಮಾಡಿಕೊಂಡು ಕಛೇರಿಗಳನ್ನೇ ಡಿಸ್ಕ್ ಮಾಡಲು ಹೊರಟ ಮೇಲೆ ಉಳಿದವರಿಗೂ ಅದೇ ದಾರಿಯಾಯಿತು.

ತೇಪೆ ಎಷ್ಟರ ಮಟ್ಟಿಗೆ ಹೋಗಬಹುದು ಎನ್ನುವುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 1951ರ ಜುಲೈ 29ರಂದು, ಯುದ್ಧಾನಂತರ ಜರ್ಮನಿಯ ಬಾಯ್‌ರಾಯ್ಟ್ ಸಂಗೀತೋತ್ಸವ ಮತ್ತೆ ಶುರುವಾದಾಗ, ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಬೀಥೋವನ್‌ನ ಒಂಬತ್ತನೆಯ ಸಿಂಫನಿ ನಡೆಸಿದರು. ಅವರು ತೀರಿಕೊಂಡ ಮೇಲೆ, 1955ರಲ್ಲಿ, ಇಎಂಐ ಎಂಬ ರೆಕಾರ್ಡ್ ಕಂಪನಿ ಅದನ್ನು ಹೊರತಂದಿತು. ಅರ್ಧ ಶತಮಾನ ಜಗತ್ತು ಅದನ್ನೇ ಆ ಸಂಜೆ ಎಂದುಕೊಂಡು ಕಣ್ಣೊರೆಸಿಕೊಂಡಿತು. ಆಮೇಲೆ ಬವೇರಿಯನ್ ರೇಡಿಯೊದ ಟೇಪ್ ಹೊರಬಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಹಲವು ಕಡೆ ಅದೇ ವಾದನ ಅಲ್ಲ! 2021ರಲ್ಲಿ ಸ್ವೀಡನ್ನಿನ ರೇಡಿಯೊ ಅಂದು ಪ್ರಸಾರ ಮಾಡಿದ್ದೂ ಡಿಸ್ಕ್ ಆಗಿ ಬಂತು, ನಿರೂಪಕರ ಮಾತು ಸಮೇತ. ನನ್ನ ಹತ್ತಿರ ಮೂರೂ ಇವೆ. ಇಎಂಐಯದ್ದರಲ್ಲಿ ಕೆಲವು ಜಾಗ ಹೆಚ್ಚು ಅಚ್ಚುಕಟ್ಟು, ನಿಜ. ಆದರೆ ಮನಸ್ಸು ಹೋಗಿ ಕೂರುವುದು ರೇಡಿಯೊ ಟೇಪಿನ ಹತ್ತಿರವೇ. ಅಲ್ಲಿ ಒಂದು ಭಾಗದ ಆಯಾಸವನ್ನು ಮುಂದಿನ ಭಾಗ ಹೊತ್ತುಕೊಂಡೇ ಬರುತ್ತದೆ.

ನಾನೇ ಹೀಗೆ ಕತ್ತರಿ ಹಾಕಿ ಇಂದಿಗೂ ಪಶ್ಚಾತ್ತಾಪ ಪಡುವ ಒಂದು ಪ್ರಸಂಗ ಹೇಳುತ್ತೇನೆ. ದಕ್ಷಿಣ ಮುಂಬಯಿಯ ಒಂದು ಸಭಾಂಗಣ, ಜುಲೈ ತಿಂಗಳು, ಹೊರಗಿನಿಂದ ಬಂದ ಆರ್ಕೆಸ್ಟ್ರಾ, ಚೈಕೋವ್‌ಸ್ಕಿಯ ಆರನೆಯ ಸಿಂಫನಿ. ಬೆಳಿಗ್ಗೆ ಖಾಲಿ ಹಾಲಿನಲ್ಲಿ ತಾಲೀಮು ನಡೆದಾಗ ಮೈಕುಗಳನ್ನು ಕಂಡಕ್ಟರ್ ತಲೆಯ ಮೇಲೆ ಮೂರು ಮೀಟರ್ ಎತ್ತರಕ್ಕೆ ತೂಗುಬಿಟ್ಟು ಮಟ್ಟ ಹೊಂದಿಸಿಕೊಂಡಿದ್ದೆ. ನಾದ ಗೋಡೆಗೆ ಬಡಿದು ಮಿನುಗುತ್ತಿತ್ತು. ರಾತ್ರಿ ಹಾಲು ತುಂಬಿತು. ಒದ್ದೆ ಕೊಡೆ, ಒದ್ದೆ ಬಟ್ಟೆ, ಸಾವಿರ ಜನರ ಮೈ. ಜನ ಎಂದರೆ ನಾದಕ್ಕೆ ದಪ್ಪ ಕಂಬಳಿ ಹೊದಿಸಿದ ಹಾಗೆ. ಬೆಳಗಿನ ಮಿನುಗು ಅರ್ಧ ಇಳಿದುಹೋಯಿತು. ಎಸಿಯ ಗುಂಯ್‌ಗುಡುವಿಕೆ ಬೇರೆ. ಹಾಲಿನಲ್ಲಿ ಕೂತವರ ಕಿವಿ ಅದನ್ನು ಐದು ನಿಮಿಷಕ್ಕೆ ಮರೆತುಬಿಡುತ್ತದೆ, ಮೈಕು ಮರೆಯುವುದಿಲ್ಲ. ಆರಿಸಿ ಎನ್ನುವ ಹಾಗೂ ಇಲ್ಲ, ಮಳೆಗಾಲದ ಮುಂಬಯಿಯಲ್ಲಿ ಎಸಿ ನಿಂತರೆ ಪಿಟೀಲುಗಳ ಶ್ರುತಿಯೇ ನಿಲ್ಲದು.

ಆ ಸಿಂಫನಿಯ ಮೂರನೆಯ ಭಾಗ ಜೋರಾದ ನಡಿಗೆ, ಜಯಘೋಷದ ಹಾಗೆ ಮುಗಿಯುತ್ತದೆ. ಜನ ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು. ಎಲ್ಲ ಊರಿನಲ್ಲೂ ತಟ್ಟುತ್ತಾರೆ. ಕಂಡಕ್ಟರ್ ತಿರುಗಲಿಲ್ಲ, ಕೈ ಇಳಿಸಲೂ ಇಲ್ಲ. ಚಪ್ಪಾಳೆ ತೆಳುವಾಗುತ್ತಾ ಬಂದು, ಹಿಂದಿನ ಸಾಲಿನ ಕೊನೆಯ ನಾಲ್ಕಾರು ಕೈಗಳು ಇನ್ನೂ ತಟ್ಟುತ್ತಿದ್ದಾಗಲೇ ಕೊನೆಯ ಭಾಗದ ಆ ನಿಟ್ಟುಸಿರಿನ ರಾಗ ಎತ್ತಿಕೊಂಡರು. ಆ ರಾಗದ ಗುಟ್ಟು ನಿಮಗೆ ಗೊತ್ತಿರಲಿ: ಅದನ್ನು ಯಾವ ಒಬ್ಬ ಪಿಟೀಲಿಗನೂ ಪೂರ್ತಿ ನುಡಿಸುವುದಿಲ್ಲ. ಒಂದು ಸ್ವರ ಮೊದಲ ಪಿಟೀಲಿನವರದ್ದು, ಮುಂದಿನದು ಎರಡನೆಯವರದ್ದು, ಹೀಗೆ ಹಂಚಿಹೋಗಿದೆ. ರಾಗ ಕೂಡಿಕೊಳ್ಳುವುದು ಗಾಳಿಯಲ್ಲಿ, ನಮ್ಮ ಕಿವಿಯಲ್ಲಿ. ಅಂದು ಎರಡೂ ಗುಂಪು ವೇದಿಕೆಯ ಎಡಬಲಕ್ಕೆ ಎದುರುಬದುರು ಕೂತಿದ್ದರು. ಹೆಡ್‌ಫೋನಿನಲ್ಲಿ ಆ ನಿಟ್ಟುಸಿರು ಒಂದು ಕಿವಿಯಿಂದ ಇನ್ನೊಂದಕ್ಕೆ ಹಾಯುತ್ತಿತ್ತು, ನಡುವೆ ಆ ಕೊನೆಯ ಚಪ್ಪಾಳೆಗಳು ಒಂದೊಂದಾಗಿ ನಾಚಿ ನಿಂತವು. ನನಗೆ ಮೈ ಜುಮ್ಮೆಂದಿತು. ಮುದ್ರಿಸಲು ಹೇಳಿದವರು ಆ ಚಪ್ಪಾಳೆ ಬೇಡವೆಂದರು. ಮೂರನೆಯ ಭಾಗದ ಕೊನೆಗೂ ನಾಲ್ಕನೆಯದರ ಮೊದಲಿಗೂ ಬೆಳಗಿನ ತಾಲೀಮಿನದ್ದನ್ನು ಜೋಡಿಸಿ ಕೊಟ್ಟೆ. ಈಗ ಹಾಕಿ ಕೇಳಿದರೆ ಸದ್ದು ನಿರ್ಮಲ. ಖಾಲಿ ಹಾಲಿನಿಂದ ತುಂಬಿದ ಹಾಲಿಗೆ ದಾಟುವ ಹೊಲಿಗೆ ಬೇರೆಯವರಿಗೆ ಕೇಳಿಸದಿರಬಹುದು. ನನಗೆ ಕೇಳಿಸುತ್ತದೆ, ಮತ್ತು ಆ ನಿಟ್ಟುಸಿರು ಯಾರ ಮಾತಿಗೂ ಉತ್ತರವಲ್ಲದ ಹಾಗೆ ಒಂಟಿಯಾಗಿ ಶುರುವಾಗುತ್ತದೆ.

ಇಷ್ಟೆಲ್ಲ ಹೇಳಿದೆನೆಂದು ಸ್ಟುಡಿಯೊ ಮುದ್ರಣವನ್ನು ಕೀಳೆಂದು ತಿಳಿಯಬೇಡಿ. ನಮ್ಮ ಮುಂಬಯಿಯಲ್ಲೇ ಹುಟ್ಟಿದ ಜುಬಿನ್ ಮೆಹ್ತಾ 1975ರಲ್ಲಿ ಡೆಕ್ಕಾ ಕಂಪನಿಗಾಗಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ ಮಾಲರ್‌ನ ಎರಡನೆಯ ಸಿಂಫನಿ ಸ್ಟುಡಿಯೊ ಕೆಲಸವೇ, ಸೋಫಿಯೆನ್‌ಸಾಲ್ ಎಂಬ ಹಳೆಯ ನೃತ್ಯಶಾಲೆಯಲ್ಲಿ ಮಾಡಿದ್ದು. ಸಭಿಕರಿಲ್ಲದ ಕಾರಣ ಮೈಕುಗಳನ್ನು ಬೇಕೆಂದಲ್ಲಿ ನಿಲ್ಲಿಸಬಹುದಿತ್ತು, ವೇದಿಕೆಯಾಚೆಯ ಕಹಳೆಗಳನ್ನು ಬೇಕಾದಷ್ಟು ದೂರಕ್ಕೆ ಕಳಿಸಬಹುದಿತ್ತು. ಅದರ ಕೊನೆಯ ಭಾಗ ಕೇಳಿದರೆ ಯಾವ ಕಛೇರಿಗೂ ಕಡಿಮೆಯಿಲ್ಲ. ಅದೇ ಮೆಹ್ತಾ ವಿಯೆನ್ನಾದ ಹೊಸವರ್ಷದ ಕಛೇರಿಯನ್ನು ಐದು ಸಲ ನಡೆಸಿದ್ದಾರೆ, ಅವೆಲ್ಲವೂ ಲೈವ್. ಸ್ಟುಡಿಯೊದ ಮೆಹ್ತಾ, ಕಛೇರಿಯ ಮೆಹ್ತಾ, ಇಬ್ಬರನ್ನೂ ಕೇಳಿ.

ಇನ್ನು ಹೊಸ ಕೃತಿಗಳು ಹೆಚ್ಚಾಗಿ ಲೈವ್ ಆಗಿಯೇ ಸಿಗುವುದೇಕೆ ಎಂಬುದು. ಮೊದಲ ಕಾರಣ ದುಡ್ಡು, ಅದನ್ನು ಆಗಲೇ ಹೇಳಿದೆ. ಬೀಥೋವನ್‌ಗೆ ಸಿಗುವ ಗಿರಾಕಿ ನಿನ್ನೆ ಬರೆದದ್ದಕ್ಕೆ ಸಿಗುವುದಿಲ್ಲ. ಆದ್ದರಿಂದ ಹೊಸ ಸಂಗೀತವನ್ನು ಉಳಿಸಿದ್ದು ಬಹುಮಟ್ಟಿಗೆ ರೇಡಿಯೊ. ಜರ್ಮನಿಯ ರೇಡಿಯೊ ಆರ್ಕೆಸ್ಟ್ರಾಗಳು ಹೊಸದನ್ನು ಬರೆಸಿ, ನುಡಿಸಿ, ಪ್ರಸಾರ ಮಾಡುವುದನ್ನೇ ಕರ್ತವ್ಯವೆಂದುಕೊಂಡವು. ಸಂಯೋಜಕ ಲಿಗೆಟಿಯ ‘ಆಟ್ಮೋಸ್ಫಿಯರ್ಸ್’ 1961ರ ಅಕ್ಟೋಬರಿನಲ್ಲಿ ಜರ್ಮನಿಯ ಡೋನಾಉಎಷಿಂಗೆನ್ ಉತ್ಸವದಲ್ಲಿ ಹಾನ್ಸ್ ರೋಸ್‌ಬೌಡ್ ಕೈಯಲ್ಲಿ ಮೊದಲ ಸಲ ಕೇಳಿಬಂದಾಗ ಜನ ಒನ್ಸ್ ಮೋರ್ ಎಂದು ಇನ್ನೊಮ್ಮೆ ನುಡಿಸಿಸಿದರು. ತಾಳವೂ ಇಲ್ಲ, ಗುನುಗುವ ಧಾಟಿಯೂ ಇಲ್ಲ, ಬರೀ ನಾದದ ಮೋಡ. ಅದಕ್ಕೆ ಒನ್ಸ್ ಮೋರ್!

ಎರಡನೆಯ ಕಾರಣ ನಿಮ್ಮಂಥ ಹಿಂದೂಸ್ತಾನಿ ಕಿವಿಗೆ ಹೆಚ್ಚು ಹತ್ತಿರದ್ದು. ಇಪ್ಪತ್ತನೆಯ ಶತಮಾನದ ಕೆಲವು ಸಂಯೋಜಕರು ಕೃತಿಯಲ್ಲೇ ಒಂದಿಷ್ಟು ಜಾಗ ಬಿಟ್ಟರು. ಲುಟೊಸ್ಲಾವ್‌ಸ್ಕಿಯ ಮೂರನೆಯ ಸಿಂಫನಿಯಲ್ಲಿ (1983ರಲ್ಲಿ ಷಿಕಾಗೊದಲ್ಲಿ ಜಾರ್ಜ್ ಶೋಲ್ಟಿ ಮೊದಲು ನಡೆಸಿದ್ದು) ಕೆಲವು ಕಡೆ ಕಂಡಕ್ಟರ್ ಬರೀ ಸನ್ನೆ ಮಾಡಿ ಕೈ ಇಳಿಸುತ್ತಾರೆ. ಪ್ರತಿಯೊಬ್ಬ ವಾದಕನೂ ಕೊಟ್ಟ ಸ್ವರಗಳನ್ನು ತನ್ನದೇ ಲಯದಲ್ಲಿ, ಪಕ್ಕದವನನ್ನು ಕಾಯದೆ ನುಡಿಸುತ್ತಾ ಹೋಗುತ್ತಾನೆ. ಮುಂದಿನ ಸನ್ನೆಗೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ, ನಮ್ಮಲ್ಲಿ ಸಮಕ್ಕೆ ಬಂದು ನಿಂತಂತೆ. ಇಂಥ ಕೃತಿಗೆ ಅಂತಿಮವಾದ ಒಂದೇ ಮುದ್ರಣ ಎನ್ನುವುದೇ ಇರಲಾರದು. ಎರಡು ಸಂಜೆ ಕೇಳಿದರೆ ಎರಡು ಬಗೆ, ಎರಡೂ ಸರಿ.

ಜಾನ್ ಆಡಮ್ಸ್ ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಸತ್ತವರಿಗಾಗಿ ಬರೆದ ಕೃತಿಯ ಡಿಸ್ಕ್ ಕೂಡ 2002ರ ಸೆಪ್ಟೆಂಬರಿನ ಕಛೇರಿಗಳದ್ದು. ಬೀದಿಯ ಸದ್ದು, ಹೆಜ್ಜೆಯ ಸಪ್ಪಳ, ಸತ್ತವರ ಹೆಸರು ಓದುವ ದನಿಗಳು ಕೃತಿಯೊಳಗೇ ಇವೆ. ಅಲ್ಲಿ ಯಾರಾದರೂ ಕೆಮ್ಮಿದರೆ ಅದು ಕೃತಿಯ ಒಳಗಿನದೋ ಹೊರಗಿನದೋ ಹೇಳಲಾಗದು.

ನಮ್ಮ ಊರಿನದ್ದೂ ಒಂದಿದೆ. ಜಾಕಿರ್ ಹುಸೇನ್ ತಬಲಾ ಮತ್ತು ಆರ್ಕೆಸ್ಟ್ರಾಕ್ಕಾಗಿ ಬರೆದ ‘ಪೇಶ್‌ಕಾರ್’ 2015ರ ಸೆಪ್ಟೆಂಬರಿನಲ್ಲಿ ಎನ್‌ಸಿಪಿಎಯಲ್ಲಿ, ನೀವು ಕೇಳಿದ ಅದೇ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಜೊತೆ ಮೊದಲ ಸಲ ನುಡಿಯಿತು. ಪುಟ ತಿರುವಿಕೊಂಡು ನುಡಿಸುವ ತೊಂಬತ್ತು ಜನ ಒಂದು ಕಡೆ, ಪುಟವಿಲ್ಲದ ಒಬ್ಬರು ಇನ್ನೊಂದು ಕಡೆ. ತಬಲಾ ಸವಾಲು ಎಸೆದಾಗ ಆರ್ಕೆಸ್ಟ್ರಾ ಉಸಿರು ಬಿಗಿಹಿಡಿದು ಎಣಿಸುತ್ತಾ ಕೂತಿರುತ್ತದೆ. ಇದನ್ನು ಸ್ಟುಡಿಯೊದಲ್ಲಿ ಹತ್ತು ಸಲ ತೆಗೆದು ಜೋಡಿಸಿದರೆ ಆ ಎಣಿಕೆ ಎಲ್ಲಿ ಉಳಿಯುತ್ತದೆ? 2024ರ ಡಿಸೆಂಬರಿನಲ್ಲಿ ಅವರು ಹೋಗಿಬಿಟ್ಟರು. ಬೇರೆಯವರು ಅದನ್ನು ನುಡಿಸಬಹುದು, ನುಡಿಸಲೂಬೇಕು. ಆದರೆ ಅವರು ಕೂತು ನುಡಿಸಿದ ಸಂಜೆಗಳ ಮುದ್ರಣ ಎಲ್ಲಿ ಸಿಕ್ಕರೂ, ಸದ್ದು ಹೇಗಿದ್ದರೂ, ಜೋಪಾನ ಮಾಡಿ.

ಎರಡು ಸಂಗೀತಗಳ ಇಂಥ ಬೆರಕೆ ಮುಂಬಯಿಗೆ ಹೊಸದೂ ಅಲ್ಲ. ಆಕಾಶವಾಣಿ ಬೆಳಗಾಗುವ ಮುನ್ನ ಹಾಕುತ್ತಿದ್ದ ಆ ಸಂಕೇತ ಸಂಗೀತ ನಿಮಗೆ ನೆನಪಿರಬೇಕು, ತಂಬೂರಿಯ ಮೇಲೆ ಪಿಟೀಲು. ಅದನ್ನು ಕಟ್ಟಿದವರೆಂದು ಹೆಸರಾದ ವಾಲ್ಟರ್ ಕೌಫ್‌ಮನ್, ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಈ ಊರಿಗೆ ಬಂದ ಯಹೂದಿ ಸಂಯೋಜಕ. ಜುಬಿನ್‌ರ ತಂದೆ ಮೆಹ್ಲಿ ಮೆಹ್ತಾ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ದೂ ಆ ದಶಕದಲ್ಲೇ. ಧಾರವಾಡದ ಆ ಬೆಳಗಿನ ರೇಡಿಯೊದಿಂದಲೇ ನಿಮ್ಮ ಕಿವಿಗೆ ಈ ಲೋಕದ ಪರಿಚಯ ಆಗಿತ್ತು ಎನ್ನಬಹುದು.

ಕೇಳುವ ಬಗ್ಗೆ ಎರಡು ಮಾತು. ಫ್ಲ್ಯಾಟಿನಲ್ಲಿ ಲೈವ್ ಸಿಂಫನಿ ಹಾಕಿದಾಗ ಮೆಲ್ಲನೆಯ ಜಾಗ ಕೇಳಿಸದೆಂದು ವಾಲ್ಯೂಮ್ ಏರಿಸುತ್ತೇವೆ, ಕಹಳೆ ಬಂದಾಗ ನೆರೆಯವರಿಗೆ ಹೆದರಿ ಇಳಿಸುತ್ತೇವೆ. ಕೈ ಹಾಗೆ ಆಡುತ್ತಿದ್ದರೆ ಕಂಡಕ್ಟರ್ ಕಟ್ಟಿದ ಏರಿಳಿತವೆಲ್ಲ ನೆಲಸಮ. ಅತಿ ಜೋರಾದ ಒಂದು ಜಾಗವನ್ನು ಮೊದಲೇ ಹಾಕಿ ನಿಮಗೆ ಸಹನೀಯವಾದ ಮಟ್ಟಕ್ಕೆ ಇಟ್ಟು, ಆಮೇಲೆ ಗುಂಡಿ ಮುಟ್ಟಬೇಡಿ. ಸ್ಪೀಕರ್‌ಗಿಂತ ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಡೊಂಬಿವಲಿಗೆ ವಾಸಿ.

ಮಾಲರ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗ ವಾಲ್ಟರ್ ಕೈಯಲ್ಲಿ ಸುಮಾರು 18 ನಿಮಿಷ, ಕಾರಾಯನ್ ಕೈಯಲ್ಲಿ 26 ದಾಟುತ್ತದೆ. ಎರಡನ್ನೂ ಒಂದೇ ರಾತ್ರಿ ಕೇಳಬೇಡಿ. ಕೊನೆಯ ಪುಟದಲ್ಲಿ ತಂತಿವಾದ್ಯಗಳು ಮಾತ್ರ ಉಳಿಯುತ್ತವೆ, ಒಂದೊಂದೇ ಸ್ವರ, ಆರುತ್ತಾ ಆರುತ್ತಾ. ಸ್ವರದ ಮೇಲೆ ಮಾಲರ್ ಬರೆದಿರುವ ಮಾತೇ ‘ಸಾಯುತ್ತಾ’ ಎಂದು. 2010ರಲ್ಲಿ ಲುಸರ್ನ್‌ನಲ್ಲಿ ಕ್ಲಾಡಿಯೊ ಅಬ್ಬಾಡೊ ಇದನ್ನು ಮುಗಿಸಿದಾಗ ಸಭೆ ಎರಡು ನಿಮಿಷದಷ್ಟು ಹೊತ್ತು ಮಿಸುಕಲಿಲ್ಲ. ಆ ಮೌನವನ್ನೂ ಕತ್ತರಿಸದೆ ವಿಡಿಯೊದಲ್ಲಿ ಇಟ್ಟಿದ್ದಾರೆ. ಕಾರಾಯನ್ ಡಿಸ್ಕ್ ತಂದ ದಿನ, ರಾತ್ರಿ ಲೋಕಲ್ ರೈಲಿನ ಸದ್ದು ಅಡಗಿದ ಮೇಲೆ, ಈ ಪುಟ ಬರುವ ಮೊದಲು ಎದ್ದು ಫ್ಯಾನ್ ಆರಿಸಿ. ಸೆಕೆಯಾದರೂ ಆ ಹೊತ್ತಿಗೆ ಫ್ಯಾನ್ ಇಲ್ಲದಿರಲಿ.